ಮೇಜಿನ ಕಾಲಡಿಯ ಕಾಗದ

ಸೋಮವಾರ ಶಾಲೆಯವರು ಕೊಟ್ಟ ಕಾಗದ ಗುರುವಾರ ಸಂಜೆ ಸಿಕ್ಕಿತು. ಅದೂ ತಾನಾಗಿ ಸಿಕ್ಕಿದ್ದಲ್ಲ. ಮೊಮ್ಮಗಳು ಚಿಟಿಕೆಯ ಶಾಲೆಯ ಚೀಲದಿಂದ ಏನೋ ವಾಸನೆ ಬರುತ್ತಿದೆ ಎಂದು ಅಜ್ಜಿ ಚೀಲವನ್ನು ತಲೆಕೆಳಗು ಮಾಡಿ ಕೊಡವಿದಾಗ, ಅರ್ಧ ಕಚ್ಚಿದ ಬಾಳೆಹಣ್ಣು, ಮುಚ್ಚಳವಿಲ್ಲದ ಮೂರು ಪೆನ್ನು, ಯಾರದೋ ಒಂಟಿ ಕಾಲುಚೀಲ, ಇವುಗಳ ಜೊತೆ ಅದೂ ಉದುರಿತು. ಬಾಳೆಹಣ್ಣಿನ ರಸ ಕುಡಿದು ಕಾಗದ ಮೆತ್ತಗಾಗಿತ್ತು. ಒಳಗಿನ ಮಾತು ಮಾತ್ರ ಮೆತ್ತಗಿರಲಿಲ್ಲ.

ವಿದ್ಯಾರ್ಥಿನಿ ಪಾಠದ ಕಡೆ ಗಮನ ಕೊಡುವುದಿಲ್ಲ, ಹೇಳಿದ ಕೆಲಸ ಪೂರ್ತಿ ಮಾಡುವುದಿಲ್ಲ, ಪರೀಕ್ಷೆಯಲ್ಲಿ ಅರ್ಧ ಹಾಳೆ ಖಾಲಿ ಬಿಡುತ್ತಾಳೆ. ಆದ್ದರಿಂದ ಅವಳು ಮೂರನೇ ತರಗತಿಯಲ್ಲೇ ಇನ್ನೊಂದು ವರ್ಷ ಕೂರುವುದು ಒಳ್ಳೆಯದೆಂದು ಶಾಲೆ ಭಾವಿಸಿದೆ. ಪೋಷಕರು ಒಪ್ಪಿಗೆಯ ಸಹಿ ಹಾಕಿಕೊಂಡು ಮುಂದಿನ ಶುಕ್ರವಾರ ಬಂದು ಕಾಣತಕ್ಕದ್ದು. ಕೆಳಗೆ ಸಹಿಗೆಂದು ಚುಕ್ಕಿಗಳ ಸಾಲು. ಸಹಿ ಹಾಕದಿದ್ದರೆ ಏನು ಎಂಬುದಕ್ಕೆ ಒಂದು ಚುಕ್ಕಿಯೂ ಇರಲಿಲ್ಲ. ಹಾಕಿಯೇ ಹಾಕುತ್ತಾರೆ ಎಂದು ಗಟ್ಟಿಯಾಗಿ ನಂಬಿದವರು ಬರೆದ ಕಾಗದ ಅದು.

ಓದಿದ್ದು ಚಿಟಿಕೆಯ ಅಮ್ಮ. ಬೀದಿಗೆಲ್ಲ ಅವಳು ಮಷಿನಕ್ಕ. ಆ ಬೀದಿಯ ತುಂಬ ದರ್ಜಿಗಳು. ಯಾರ ಹೊಲಿಗೆ ಯಂತ್ರ ಕೈಕೊಟ್ಟರೂ ಹೊತ್ತು ತರುವುದು ಅವಳ ಮನೆಯ ಮುಂದಿನ ಕೋಣೆಗೆ. ಅಲ್ಲಿ ಒಂದು ಉದ್ದದ ಮರದ ಮೇಜು, ಗೋಡೆಗೆ ಮೊಳೆ ಹೊಡೆದು ನೇತುಹಾಕಿದ ಸ್ಕ್ರೂಡ್ರೈವರುಗಳು, ಎಣ್ಣೆ ಡಬ್ಬಿ, ಹಳೇ ಬೆಲ್ಟುಗಳ ಗೊಂಚಲು, ಮೇಜಿನ ಮೇಲೆ ಯಾವಾಗಲೂ ಹೊಟ್ಟೆ ಬಿಚ್ಚಿಕೊಂಡು ಮಲಗಿದ ಒಂದು ಯಂತ್ರ. ಬೇರೆ ರಿಪೇರಿಯವರು ಇನ್ನು ಇದು ಗುಜರಿಗೇ ಸರಿ ಎಂದು ಕೈಬಿಟ್ಟದ್ದನ್ನು ಅವಳು ಹಲ್ಲು ಕಚ್ಚಿಕೊಂಡು ಮೂರು ದಿನ ಕೂತು ಓಡಿಸಿಯೇ ಕಳಿಸುತ್ತಾಳೆ. ಗುಜರಿ ಎಂಬ ಮಾತು ಕಿವಿಗೆ ಬಿದ್ದರೇ ಅವಳಿಗೆ ಆಗುವುದಿಲ್ಲ. ಅದಕ್ಕೆ ಕಾರಣ ಯಂತ್ರಗಳಲ್ಲ.

ಚಿಟಿಕೆ ಹುಟ್ಟಿದ್ದು ಡಾಕ್ಟರು ಹೇಳಿದ ದಿನಕ್ಕಿಂತ ಹದಿನಾಲ್ಕು ವಾರ ಮುಂಚೆ. ತೂಕ ಎಂಟುನೂರ ಇಪ್ಪತ್ತು ಗ್ರಾಂ. ಎಪ್ಪತ್ತೊಂದು ದಿನ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯೊಳಗಿತ್ತು ಮಗು. ಪೆಟ್ಟಿಗೆಯ ಪಕ್ಕೆಯಲ್ಲಿದ್ದ ದುಂಡು ಕಿಂಡಿಯಿಂದ ಅಮ್ಮ ಕೈ ಹಾಕಿ ಒಂದು ಬೆರಳು ಕೊಟ್ಟರೆ ಅದನ್ನು ಹಿಡಿದುಕೊಳ್ಳುತ್ತಿತ್ತು. ಆ ಮುಷ್ಟಿ ಹೊಲಿಗೆ ಯಂತ್ರದ ದಾರ ಸುತ್ತುವ ಒಂದು ಬಾಬಿನ್ನಿನಷ್ಟಿತ್ತು. ನೋಡಲು ಬಂದ ಗಂಡನ ದೊಡ್ಡಮ್ಮ ಗಾಜಿನಾಚೆ ಒಮ್ಮೆ ಇಣುಕಿ, ಉಳಿದರೂ ಇಂಥವು ಮುಂದೆ ಯಾವ ಕೆಲಸಕ್ಕೂ ಬರುವುದಿಲ್ಲ, ದೇವರು ಬೇಗ ಕರೆದುಕೊಂಡರೆ ಒಳ್ಳೆಯದು ಎಂದು ಕಣ್ಣೊರೆಸಿಕೊಂಡಳು. ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡೇ ಎದ್ದು ನಿಂತ ಬಾಣಂತಿ ಆ ಹಿರಿಯ ಹೆಂಗಸಿಗೆ ಬಾಗಿಲು ತೋರಿಸಿದಳು. ಮಗುವಿನ ಅಜ್ಜಿ, ಅಂದರೆ ಬಾಣಂತಿಯ ತಾಯಿ, ಅವತ್ತೇ ಮಗುವಿಗೆ ಚಿಟಿಕೆ ಎಂದು ಹೆಸರಿಟ್ಟಳು. ಉಪ್ಪು ಚಿಟಿಕೆಯಷ್ಟೇ ಇದ್ದರೂ ಅಡುಗೆಗೆ ಗೊತ್ತಾಗುತ್ತದಲ್ಲ, ಹಾಗೆ ಎಂದಳು.

ಅವತ್ತು ಮಷಿನಕ್ಕ ಒಂದು ಆಣೆ ಹಾಕಿಕೊಂಡಳು. ತಲೆ ಮೇಲೆ ತಲೆ ಬಿದ್ದರೂ ಸರಿ, ಆ ಅಯ್ಯೋ-ಪಾಪ ಎನ್ನುವ ಮುಖವನ್ನು ತನ್ನ ಮಗಳಿಗೆ ಇನ್ನೊಬ್ಬರು ತೋರಿಸಕೂಡದು. ಮಗುವಿಗೆ ಒಂದು ವರ್ಷವಾದಾಗ ಈ ಬೀದಿಗೆ ಮನೆ ಬದಲಾಯಿಸಿದರು. ಇಲ್ಲಿ ಯಾರಿಗೂ ಏನೂ ಹೇಳಲಿಲ್ಲ. ಹೇಳಿದ ಹೊತ್ತಿಗೆ ಹುಟ್ಟಿದ್ದರೆ ಅವಳು ಶಾಲೆಗೆ ಮುಂದಿನ ವರ್ಷ ಸೇರಬೇಕಿತ್ತು, ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಬೇಗ ಬಂದವಳು ಯಾಕೆ ಕಾಯಬೇಕು ಎಂದು ಆ ವರ್ಷವೇ ಸೇರಿಸಿದಳು. ಸೇರಿಸುವ ಫಾರ್ಮಿನಲ್ಲಿ, ಹುಟ್ಟಿನ ಸಮಯದ ತೊಂದರೆಗಳು ಎಂಬಲ್ಲಿ, ಏನೂ ಇಲ್ಲ ಎಂದು ಬರೆದು ಕೆಳಗೆ ಒಂದು ಗೆರೆಯನ್ನೂ ಎಳೆದಳು. ಚಿಟಿಕೆಗೂ ಯಾರೂ ಏನೂ ಹೇಳಿರಲಿಲ್ಲ. ಅವಳ ಮಟ್ಟಿಗೆ, ಅವಳು ಎಲ್ಲರ ಹಾಗೆ ಹುಟ್ಟಿ, ಯಾಕೋ ಎಲ್ಲರ ಹಾಗೆ ಆಗದೆ ಉಳಿದ ಹುಡುಗಿ.

ಶಾಲೆಯ ಕಾಗದವನ್ನು ಒಣಗಲು ಬೆಲ್ಟುಗಳ ಪಕ್ಕ ನೇತುಹಾಕಿ, ಮಷಿನಕ್ಕ ಮಗಳಿಗೆ ಕೆಲಸ ಹೇಳಿದಳು: ಆ ಬಾಳೆಹಣ್ಣು ಬಿಸಾಕು, ಕೈ ತೊಳಕೋ, ಲೆಕ್ಕದ ಪುಸ್ತಕ ತಾ, ನಲವತ್ತೆರಡನೇ ಪುಟ ತೆಗಿ, ಐದು ಲೆಕ್ಕ ಮಾಡು. ಬಾಳೆಹಣ್ಣು ಹೋಯಿತು. ಕೈ ತೊಳೆಯಲು ಹೋದವಳು ಹೋದವಳೇ. ಹತ್ತು ನಿಮಿಷವಾದ ಮೇಲೆ ಹೋಗಿ ನೋಡಿದರೆ, ನಲ್ಲಿ ಸಣ್ಣಗೆ ಬಿಟ್ಟುಕೊಂಡು, ನೀರಿನ ಎಳೆ ಬೆರಳಿಗೆ ತಾಗಿ ಎರಡಾಗುವುದನ್ನು ನೋಡುತ್ತ ನಿಂತಿದ್ದಾಳೆ. ಲೆಕ್ಕವಿಲ್ಲ, ಪುಟವಿಲ್ಲ, ಮುಖದಲ್ಲಿ ಒಂದು ತಪ್ಪಿತಸ್ಥ ಭಾವವೂ ಇಲ್ಲ. ಮಷಿನಕ್ಕನಿಗೆ ಪಿತ್ತ ನೆತ್ತಿಗೇರಿತು. ನಲ್ಲಿ ತಿರುಗಿಸಿ ನಿಲ್ಲಿಸಿ, ರಟ್ಟೆ ಹಿಡಿದು ಎಳೆದುಕೊಂಡು ಬಂದು ಕೂರಿಸಿದಳು.

"ನಿನ್ನ ಗಮನ ಎಲ್ಲಿರುತ್ತೆ ಅಂತ ನಂಗೆ ಒಂದು ಸಲ ಹೇಳು."

ಚಿಟಿಕೆ ನಿಜವಾಗಿಯೂ ಯೋಚಿಸಿದಳು. "ಗೊತ್ತಿಲ್ಲಮ್ಮ. ಅದು ಹೋಗುವಾಗ ನಂಗೆ ಹೇಳಿ ಹೋಗಲ್ಲ."

ಆಮೇಲೆ ಪೆನ್ಸಿಲ್ಲನ್ನು ಮೇಜಿನ ಅಂಚಿನ ಮೇಲೆ ಉರುಳಿಸುತ್ತ ಅವಳೇ ಮುಂದುವರಿಸಿದಳು. ಅದು ವಾಪಸ್ಸು ಬರುವ ಹೊತ್ತಿಗೆ ಕ್ಲಾಸಿನಲ್ಲಿ ಎಲ್ಲರೂ ಮುಂದಿನ ಪುಟದಲ್ಲಿರುತ್ತಾರಂತೆ. ಯಾವ ಪುಟ ಎಂದು ಪಕ್ಕದವಳನ್ನು ಕೇಳಿದರೆ ಮಾತಾಡಿದ್ದಕ್ಕೆ ಬೈಗುಳವಂತೆ, ಕೇಳದಿದ್ದರೆ ಬರೆಯದಿದ್ದಕ್ಕೆ ಬೈಗುಳವಂತೆ. "ಮಿಸ್ಸು ನಂಗೆ ಸೋಮಾರಿ ಅಂತಾರೆ. ನಾನು ಸೋಮಾರಿನಾ ಅಮ್ಮ?"

ಅಲ್ಲ ಎಂದಳು ಅಮ್ಮ. ಮತ್ತೆ ಯಾಕೆ ಹೀಗೆ ಎಂದು ಕೇಳಿದಳು ಮಗಳು. ಆ ಪ್ರಶ್ನೆಗೆ ಮಷಿನಕ್ಕ ಸ್ಕ್ರೂಡ್ರೈವರ್ ಹುಡುಕತೊಡಗಿದಳು, ಅದು ಅವಳ ಕೈಯಲ್ಲೇ ಇತ್ತು. ಯಾಕೆ ಎಂಬುದಕ್ಕೆ ಉತ್ತರ ಅವಳ ಬಳಿ ಇರಲಿಲ್ಲವೆಂದಲ್ಲ. ಇತ್ತು. ಏಳು ವರ್ಷದಿಂದ ಮೇಜಿನ ಎಡಗಾಲಿನ ಅಡಿಯಲ್ಲಿತ್ತು.

ರಾತ್ರಿ ಊಟದ ಹೊತ್ತಿಗೆ ಗಂಡ ಕಾಗದ ಓದಿದ. ಅವನು ಗೋಡೆಗಳಿಗೆ ಬಣ್ಣ ಬಳಿಯುವವನು; ಉಗುರಿನ ಸಂದಿಯ ತಿಳಿ ಹಸಿರು ಎಷ್ಟು ತಿಕ್ಕಿದರೂ ಹೋಗಿರಲಿಲ್ಲ. ಅವನಿಗೆ ಜಗಳ ಬೇಡ. ಒಂದು ವರ್ಷ ತಾನೇ, ಎರಡನೇ ಕೋಟು ಹೊಡೆದರೆ ಬಣ್ಣ ಗಟ್ಟಿಯಾಗಿ ಕೂರುವುದಿಲ್ಲವೇ ಎಂದ.

"ಅದು ಗೋಡೆಗೆ," ಎಂದಳು ಹೆಂಡತಿ.

ಅಜ್ಜಿ ಯಾರ ಪಕ್ಷವನ್ನೂ ವಹಿಸಲಿಲ್ಲ, ಪಾತ್ರೆಗಳನ್ನು ಮಾತ್ರ ಬೇಕಾದ್ದಕ್ಕಿಂತ ಜೋರಾಗಿ ತೊಳೆದಳು. ಗಂಡ ಕೆಟ್ಟವನಲ್ಲ, ಹೆದರಿದವನು. ಎಪ್ಪತ್ತೊಂದು ದಿನ ಅವನೂ ಗಾಜಿನಾಚೆ ನಿಂತಿದ್ದವನೇ. ಮಗಳು ಬದುಕಿದ್ದೇ ಹೆಚ್ಚು, ಇನ್ನು ಹೆಚ್ಚು ಕೇಳಿದರೆ ಎಲ್ಲಿ ಏನಾಗುತ್ತದೋ ಎಂಬ ಭಯ ಅವನನ್ನು ಇನ್ನೂ ಬಿಟ್ಟಿರಲಿಲ್ಲ. ಹೆಂಡತಿಗೆ ಆ ಭಯ ಅರ್ಥವಾಗುತ್ತಿತ್ತು, ಹಿಡಿಸುತ್ತಿರಲಿಲ್ಲ.

ಮರುದಿನ ಎಲ್ಲರೂ ಹೊರಟ ಮೇಲೆ ಅವಳು ಮೇಜಿನ ಮೂಲೆಗೆ ಹೆಗಲು ಕೊಟ್ಟು ಎತ್ತಿ, ಕಾಲ್ಬೆರಳಿನಿಂದ ಆ ಕಾಗದವನ್ನು ಹೊರಗೆಳೆದಳು. ಈ ಮನೆಗೆ ಬಂದ ದಿನ ನೆಲ ಸಮವಿಲ್ಲದೆ ಮೇಜು ಕುಣಿಯುತ್ತಿತ್ತು. ಕುಣಿಯುವ ಮೇಜಿನ ಮೇಲೆ ಯಂತ್ರ ಬಿಚ್ಚಲಾಗುವುದಿಲ್ಲ. ಸಾಮಾನು ಜೋಡಿಸುವಾಗ ಆಸ್ಪತ್ರೆಯ ಕಡತ ತೆರೆದು ಅದರೊಳಗಿನ ಒಂದು ಹಾಳೆ ಓದಿದ್ದಳು. ಹೀಗೆ ತುಂಬ ಮುಂಚೆ ಹುಟ್ಟಿದ ಕೆಲವು ಮಕ್ಕಳಿಗೆ ಶಾಲೆಯ ವಯಸ್ಸಿನಲ್ಲಿ ಒಂದೇ ಕಡೆ ಗಮನ ನಿಲ್ಲಿಸುವುದು, ಹಲವು ಸೂಚನೆಗಳನ್ನು ಒಟ್ಟಿಗೆ ನೆನಪಿನಲ್ಲಿಡುವುದು ಕಷ್ಟವಾಗಬಹುದು, ಇದು ಸೋಮಾರಿತನವಲ್ಲ, ಶಾಲೆಗೆ ತಿಳಿಸಿರಿ, ಪ್ರತಿ ವರ್ಷ ಬಂದು ತೋರಿಸಿರಿ. ಆಗಷ್ಟೇ ಗೋಡೆ ಹಿಡಿದು ನಿಲ್ಲಲು ಕಲಿಯುತ್ತಿದ್ದ ಮಗುವಿನ ಮೇಲೆ ಎಷ್ಟೋ ವರ್ಷ ಆಚೆಯ ದೂರನ್ನು ಈಗಲೇ ಅಚ್ಚು ಹಾಕಿಸಿ ಇಟ್ಟಿದ್ದಾರಲ್ಲ ಎಂದು ಅವಳಿಗೆ ಮೈಯೆಲ್ಲ ಉರಿದಿತ್ತು. ನಾಲ್ಕಾಗಿ ಮಡಿಸಿ ಮೇಜಿನ ಕಾಲಡಿಗೆ ತುರುಕಿದ್ದಳು. ಮೇಜು ನಿಂತಿತ್ತು. ಆಸ್ಪತ್ರೆಗೆ ಹೋಗುವುದೂ ಅಲ್ಲಿಗೇ ನಿಂತಿತ್ತು.

ಈಗ ಆ ಹಾಳೆ ಎಣ್ಣೆ ಕುಡಿದು ಹಳದಿಯಾಗಿತ್ತು. ಬೆಳಕಿಗೆ ಹಿಡಿದರೆ ಅಕ್ಷರಗಳು ಮೊದಲಿಗಿಂತ ಸ್ಪಷ್ಟವಾಗಿ ಕಾಣುತ್ತಿದ್ದವು. ಅವಳಿಗೆ ನಾಚಿಕೆಯಾಯಿತು, ಸಿಟ್ಟೂ ಬಂತು. ಎರಡರಲ್ಲಿ ಸಿಟ್ಟು ಅವಳಿಗೆ ಹೆಚ್ಚು ರೂಢಿ, ಆದರೆ ಈ ಸಲ ಅದಕ್ಕೆ ತೋರಿಸಲು ಬೇರೆ ಮುಖವಿರಲಿಲ್ಲ, ತನ್ನದೇ ಇತ್ತು. ಅವಳು ಅಡುಗೆಮನೆಗೆ ಹೋಗಿ ಒಂದು ಲೋಟ ನೀರು ಕುಡಿದು ಬಂದು, ಹಾಳೆಯ ಕೆಳಗಿದ್ದ ನಂಬರಿಗೆ ಫೋನು ಮಾಡಿದಳು.

ಸೋಮವಾರಕ್ಕೆ ಸಮಯ ಸಿಕ್ಕಿತು. ಮಕ್ಕಳ ಡಾಕ್ಟರು ಚಿಟಿಕೆಯನ್ನು ಒಂದೂವರೆ ಗಂಟೆ ಕೂರಿಸಿಕೊಂಡು ಅಂಕಿ ಹೇಳಿಸಿದರು, ಚಿತ್ರ ಜೋಡಿಸಲು ಕೊಟ್ಟರು, ಕಥೆ ಹೇಳಿ ಪ್ರಶ್ನೆ ಕೇಳಿದರು. ಆಮೇಲೆ ಅವಳನ್ನು ಹೊರಗೆ ಆಟದ ಸಾಮಾನಿನ ಮುಂದೆ ಬಿಟ್ಟು ಅಮ್ಮನನ್ನು ಒಳಗೆ ಕರೆದರು. ಬುದ್ಧಿ ಚುರುಕಾಗಿದೆ, ಅದರಲ್ಲಿ ಅನುಮಾನ ಬೇಡ ಎಂದರು. ಒಂದು ಮಾತು ಹೇಳಿದರೆ ಹಿಡಿಯುತ್ತಾಳೆ, ನಾಲ್ಕು ಒಟ್ಟಿಗೆ ಹೇಳಿದರೆ ಮೂರು ಬಿದ್ದುಹೋಗುತ್ತವೆ. ಗಮನ ಜಾರುತ್ತದೆ, ಜಾರಿದ್ದು ಅವಳಿಗೇ ಗೊತ್ತಾಗುವುದಿಲ್ಲ. ಕುಣಿದು ಕುಪ್ಪಳಿಸಿ ಗಲಾಟೆ ಮಾಡುವ ಮಗುವಾಗಿದ್ದರೆ ಎಂದೋ ಯಾರಾದರೂ ಕಂಡುಹಿಡಿಯುತ್ತಿದ್ದರು. ಇವಳು ಕೂತಲ್ಲೇ ಸದ್ದಿಲ್ಲದೆ ಹೊರಟುಹೋಗುತ್ತಾಳೆ, ಅದಕ್ಕೇ ಎಲ್ಲರಿಗೂ ಸೋಮಾರಿಯಾಗಿ ಕಾಣುತ್ತಾಳೆ. ಮುಂದಿನ ಬೆಂಚು, ಒಂದು ಸಲಕ್ಕೆ ಒಂದೇ ಸೂಚನೆ, ನಡುನಡುವೆ ಎದ್ದು ಓಡಾಡಲು ಬಿಡುವು, ಪರೀಕ್ಷೆಗೆ ಸ್ವಲ್ಪ ಹೆಚ್ಚಿನ ಸಮಯ. ಇಷ್ಟನ್ನು ಶಾಲೆಗೆ ಬರೆದುಕೊಡುತ್ತೇನೆ, ತಿಂಗಳ ಮೇಲೆ ಮತ್ತೆ ಕರೆದುಕೊಂಡು ಬನ್ನಿ ಎಂದರು.

ಬರೆಯುತ್ತ ಬರೆಯುತ್ತ ತಲೆಯೆತ್ತದೆ ಕೇಳಿದರು, ಶಾಲೆಗೆ ಹುಟ್ಟಿದ ವಿಷಯ ತಿಳಿಸಿದ್ದೀರಾ ಎಂದು. ಇಲ್ಲ ಎಂದಳು. ಮಗಳಿಗೆ? ಅದಕ್ಕೂ ಇಲ್ಲ.

ಡಾಕ್ಟರು ಈಗ ತಲೆಯೆತ್ತಿದರು. "ಅವಳಿಗೂ ಒಂದು ಕಾರಣ ಬೇಕಲ್ಲಮ್ಮ. ನೀವು ಕೊಡದಿದ್ರೆ ಅವಳೇ ಒಂದು ಕಟ್ಟಿಕೊಳ್ತಾಳೆ."

ಆಗಲೇ ಕಟ್ಟಿಕೊಂಡಿದ್ದಾಳೆ ಎಂದು ಹೇಳಲು ಹೋದ ಮಷಿನಕ್ಕ, ಹೇಳುವ ಬದಲು ಪತ್ರಕ್ಕೆ ಕೈ ಚಾಚಿದಳು.

ಬಸ್ಸಿನಲ್ಲಿ ಬರುವಾಗ ಹೇಳಿಬಿಡೋಣ ಎಂದುಕೊಂಡಳು. ಚಿಟಿಕೆ ಕಿಟಕಿಯ ಗಾಜಿನ ಮೇಲೆ ಉಸಿರು ಬಿಟ್ಟು ಬೆರಳಿನಿಂದ ಗೀಚುತ್ತಿದ್ದಳು. ಎಲ್ಲಿಂದ ಶುರು ಮಾಡುವುದು? ನೀನು ಸಾಯುವ ಹಾಗಿದ್ದೆ ಎಂದೇ? ಬದುಕಿದ್ದನ್ನು ಮುಚ್ಚಿಟ್ಟೆ ಎಂದೇ? ಇಳಿಯುವ ನಿಲ್ದಾಣ ಬಂತು. ಹೇಳದೆಯೇ ಇಳಿದರು.

ಮಂಗಳವಾರ ಒಂದು ಹಳೆಯ ಯಂತ್ರ ಬಿಚ್ಚುತ್ತ ಕೂತಿದ್ದಾಗ ಅವಳ ಕಣ್ಣು ತನ್ನದೇ ಮೊಟ್ಟೆಯ ಟ್ರೇ ಮೇಲೆ ನಿಂತಿತು. ಮೂವತ್ತು ಗುಳಿಯ ರಟ್ಟಿನ ಟ್ರೇ. ಯಂತ್ರದಿಂದ ಬಿಚ್ಚಿದ ಮೊದಲ ಸ್ಕ್ರೂ ಮೊದಲ ಗುಳಿಗೆ, ಎರಡನೆಯದು ಎರಡನೆಯದಕ್ಕೆ. ಸ್ಪ್ರಿಂಗು, ವಾಷರು, ಶಟಲ್ಲು, ಎಲ್ಲ ಬಿಚ್ಚಿದ ಸಾಲಿನಲ್ಲೇ. ಜೋಡಿಸುವಾಗ ಕೊನೆಯ ಗುಳಿಯಿಂದ ಹಿಂದಕ್ಕೆ ಬಂದರಾಯಿತು. ಕೆಲಸ ಕಲಿಸಿದ ಮುದುಕ ಮೇಸ್ತ್ರಿ ಮೊದಲ ದಿನವೇ ಕಿವಿ ಹಿಂಡಿ ಹೇಳಿದ್ದ, ನಿನ್ನ ತಲೆಯನ್ನು ನೆಚ್ಚಿಕೊಂಡು ಯಂತ್ರ ಬಿಚ್ಚಬೇಡ ಎಂದು. ಬೀದಿಗೆಲ್ಲ ಜಾಣೆ ಎನ್ನಿಸಿಕೊಂಡ ಅವಳೇ ಒಂದು ದಿನವೂ ಮೂವತ್ತು ಸಾಮಾನನ್ನು ತಲೆಯಲ್ಲಿ ಹೊತ್ತವಳಲ್ಲ. ಹಾಗಿದ್ದ ಮೇಲೆ ಎಂಟು ವರ್ಷದ ಹುಡುಗಿ ಐದು ಕೆಲಸವನ್ನು ತಲೆಯಲ್ಲೇ ಹೊರಬೇಕು ಎಂದು ಯಾವ ಬಾಯಿಂದ ಹೇಳುವುದು?

ಸಂಜೆ ಅವಳು ಚೀಟಿ ಕತ್ತರಿಸಿದಳು. ಒಂದು ಚೀಟಿಗೆ ಒಂದೇ ಕೆಲಸ, ಒಂದು ಗುಳಿಗೆ ಒಂದೇ ಚೀಟಿ. ಪುಸ್ತಕ ತೆಗಿ. ಒಂದನೇ ಲೆಕ್ಕ. ಎದ್ದು ಬಾಗಿಲ ತನಕ ಹೋಗಿ ಬಾ. ಎರಡನೇ ಲೆಕ್ಕ. ಮಾಡಿ ಮುಗಿಸಿದ ಗುಳಿಯಲ್ಲಿ ಚೀಟಿ ತೆಗೆದು ಒಂದು ಸ್ಕ್ರೂ ಇಡಬೇಕು. ಮೊದಲ ದಿನ ಎಲ್ಲ ಕೆಟ್ಟಿತು. ಚಿಟಿಕೆ ಚೀಟಿಗಳಲ್ಲಿ ದೋಣಿ ಮಾಡಿ, ಸ್ಕ್ರೂಗಳನ್ನು ಅಪ್ಪ ಅಮ್ಮ ಮಕ್ಕಳಾಗಿ ವಿಂಗಡಿಸಿ, ಒಂದು ಲೆಕ್ಕವನ್ನೂ ಮುಟ್ಟದೆ ಎದ್ದುಹೋದಳು. ಮಷಿನಕ್ಕ ತುಟಿ ಕಚ್ಚಿ ಸುಮ್ಮನಿದ್ದಳು, ಅದು ಅವಳಿಗೆ ಸುಲಭದ ಕೆಲಸವಾಗಿರಲಿಲ್ಲ. ಬುಧವಾರ ಮೂರು ಲೆಕ್ಕ. ಗುರುವಾರ ಐದು ಲೆಕ್ಕ, ಮುಕ್ಕಾಲು ಗಂಟೆ, ನಾಲ್ಕು ಸಲ ಎದ್ದು ಕೂತದ್ದು, ಒಂದು ತಪ್ಪು. ಐದನೇ ಗುಳಿಯಲ್ಲಿ ಸ್ಕ್ರೂ ಇಟ್ಟು ಚಿಟಿಕೆ ಟ್ರೇಯನ್ನು ಒಮ್ಮೆ ಅಲ್ಲಾಡಿಸಿ, ಆ ಸದ್ದು ಕೇಳಿ, ಇನ್ನೊಮ್ಮೆ ಅಲ್ಲಾಡಿಸಿದಳು. ಅವತ್ತು ಅಪ್ಪ ಊಟಕ್ಕೆ ಕೂತಾಗ ಆ ಟ್ರೇಯನ್ನೂ ತಟ್ಟೆಯ ಪಕ್ಕಕ್ಕೆ ತಂದಿಟ್ಟಳು. ಅಪ್ಪ ಒಂದೊಂದೇ ಸ್ಕ್ರೂ ಎಣಿಸಿದ. ಎರಡನೇ ಕೋಟಿನ ಮಾತು ಮತ್ತೆ ತೆಗೆಯಲಿಲ್ಲ.

ಶುಕ್ರವಾರ ತಾಯಿ ಮಗಳು ಶಾಲೆಯ ಕಚೇರಿಗೆ ಹೋದರು. ಗಾಜು ಹಾಸಿದ ಮೇಜು, ಅದರಡಿ ಹಳೆಯ ವೇಳಾಪಟ್ಟಿ, ಬೀಗದ ಕೈಗಳ ಹಲಗೆ, ಗೋಡೆಗೆ ಒರಗಿದ ಕಡತಗಳು. ಮುಖ್ಯೋಪಾಧ್ಯಾಯಿನಿ ಕನ್ನಡಕವನ್ನು ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದರು. ಪಕ್ಕದ ಕುರ್ಚಿಯಲ್ಲಿ ಮೂರನೇ ತರಗತಿಯ ಟೀಚರು, ತೋಳಿನ ತುಂಬ ಸೀಮೆಸುಣ್ಣ, ಕಣ್ಣಿನ ಕೆಳಗೆ ನಲವತ್ತಾರು ಮಕ್ಕಳ ದಣಿವು. ಹುಡುಗಿ ಹೊರಗೆ ಬೆಂಚಿನ ಮೇಲೆ ಕೂರಲಿ ಎಂದರು. ಅವಳ ವಿಷಯ ತಾನೇ, ಅವಳೂ ಕೇಳಲಿ ಎಂದು ಮಷಿನಕ್ಕ ಮಗಳನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡಳು. ಹಾಗೆಂದವಳು ಮಗಳಿಗೆ ಇನ್ನೂ ಏನೂ ಹೇಳಿರಲಿಲ್ಲ.

ಸಹಿಯಿಲ್ಲದ ಕಾಗದವನ್ನೂ ಡಾಕ್ಟರ ಪತ್ರವನ್ನೂ ಎಣ್ಣೆಯ ಹಾಳೆಯನ್ನೂ ಮೇಜಿನ ಮೇಲಿಟ್ಟಳು. ಮುಖ್ಯೋಪಾಧ್ಯಾಯಿನಿ ಮೂರನ್ನೂ ನಿಧಾನವಾಗಿ ಓದಿದರು. ಆಮೇಲೆ ಎದ್ದು ಕಡತಗಳ ನಡುವಿನಿಂದ ಒಂದು ಫಾರ್ಮು ತೆಗೆದು ಅವಳ ಕಡೆ ತಿರುಗಿಸಿ ಇಟ್ಟರು.

"ಇದು ನಿಮ್ಮದೇ ಅಕ್ಷರ ಅಲ್ವಾ? ಹುಟ್ಟಿದಾಗ ಏನೂ ತೊಂದರೆ ಇಲ್ಲ ಅಂತ ಬರೆದಿದೀರಿ. ಕೆಳಗೆ ಗೆರೆ ಬೇರೆ ಎಳೆದಿದೀರಿ."

ಅವಳದೇ ಗೆರೆ. ಎಷ್ಟು ಒತ್ತಿ ಎಳೆದಿದ್ದಳೆಂದರೆ ಹಾಳೆಯ ಹಿಂದೆಯೂ ಉಬ್ಬು ಮೂಡಿತ್ತು. ಇಷ್ಟು ವರ್ಷ ಯಾವುದನ್ನು ಧೈರ್ಯ ಎಂದುಕೊಂಡಿದ್ದಳೋ ಅದು ಈಗ ಶಾಲೆಯ ಕಡೆಯ ಸಾಕ್ಷಿಯಾಗಿ ಅವಳ ಮುಂದೆ ಕೂತಿತ್ತು. ಮಗಳ ಉಸಿರು ಅವಳ ಭುಜಕ್ಕೆ ತಾಗುತ್ತಿತ್ತು. ಎದ್ದುಹೋಗಲು ಬಾಗಿಲೂ ತೆರೆದಿತ್ತು.

"ಸುಳ್ಳು ಬರೆದೆ ಮೇಡಂ," ಎಂದಳು ಮಷಿನಕ್ಕ. "ಪೆನ್ನು ಕೊಡಿ."

ಏನೂ ಇಲ್ಲ ಎಂಬುದನ್ನು ಹೊಡೆದುಹಾಕಿದಳು. ಬರೆಯಲು ಇದ್ದ ಜಾಗ ಎರಡು ಬೆರಳಗಲ. ಅಲ್ಲಿ ಹಿಡಿಸದೆ ಅಂಚಿಗೆ ಹೋಗಿ, ಅಂಚಿನಿಂದ ತಿರುಗಿ ಮೇಲಕ್ಕೆ ಹೋಗಿ ಬರೆದಳು. ಹದಿನಾಲ್ಕು ವಾರ ಮುಂಚೆ ಹುಟ್ಟಿದಳು. ಎಂಟುನೂರ ಇಪ್ಪತ್ತು ಗ್ರಾಂ. ಎಪ್ಪತ್ತೊಂದು ದಿನ ಗಾಜಿನ ಪೆಟ್ಟಿಗೆಯಲ್ಲಿದ್ದಳು. ಒಂದೊಂದನ್ನೂ ಬರೆಯುವಾಗ ಬಾಯಲ್ಲೂ ಹೇಳಿದಳು, ಮಗಳಿಗೆ ಕೇಳಲಿ ಎಂದು. ಬಸ್ಸಿನಲ್ಲಿ ಹೊರಡದ ಮಾತು ಪೆನ್ನಿನ ಹಿಂದೆ ಹೊರಟಿತು. ಕೆಳಗೆ ಸಹಿ ಹಾಕಿದಳು. ಅವತ್ತು ಆ ಕೋಣೆಯಲ್ಲಿ ಅವಳು ಹಾಕಿದ ಸಹಿ ಅದೊಂದೇ.

ಮುಖ್ಯೋಪಾಧ್ಯಾಯಿನಿಯ ಮುಖ ಕರಗಿತು. ಬಂದೇ ಬಂತು ಆ ಅಯ್ಯೋ-ಪಾಪದ ಮುಖ. ಎಂಟು ವರ್ಷ ಯಾವುದರಿಂದ ಓಡಿ ಬಂದಿದ್ದಳೋ ಅದನ್ನು ಮಷಿನಕ್ಕ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ಛಾವಣಿ ಕುಸಿಯಲಿಲ್ಲ. ಬರೀ ಒಂದು ಮುಖ ಅದು.

ಆದರೆ ಆ ಮರುಕದಿಂದಲೇ ಒಂದು ಒಳ್ಳೆಯ ವಾದವೂ ಹುಟ್ಟಿತು. ಹೇಳಿದ ಹೊತ್ತಿಗೆ ಹುಟ್ಟಿದ್ದರೆ ಅವಳು ಈಗ ಎರಡನೇ ತರಗತಿಯಲ್ಲಿರಬೇಕಿತ್ತು. ಮುಂದಿನ ವರ್ಷ ಮೂರನೇ ತರಗತಿಗೆ ಬರುವವರೇ ಅವಳ ಸರೀಕರು. ಅವರ ಜೊತೆ ಕೂತರೆ ಅವಮಾನವೇನು ಬಂತು, ಮಗುವಿಗೆ ಹಗುರವೇ ಆಗುತ್ತದಲ್ಲ ಎಂದರು ಅವರು. ಮಾತು ನ್ಯಾಯವಾಗಿತ್ತು. ಮಷಿನಕ್ಕ ಒಂದು ಗಳಿಗೆ ತಡವರಿಸಿದಳು. ನಾನು ಹಟಕ್ಕೆ ಬಿದ್ದು ಮಗಳನ್ನು ಬಲಿ ಕೊಡುತ್ತಿದ್ದೇನೆಯೇ ಎಂಬ ಅನುಮಾನ ಅವಳನ್ನು ಕುಟುಕಿತು.

ಅಷ್ಟರಲ್ಲಿ ಟೀಚರು ಬಾಯಿಬಿಟ್ಟರು. ಹುಡುಗಿಗೆ ಏನೂ ಬರುವುದಿಲ್ಲವೆಂದಲ್ಲ, ಬಾಯಲ್ಲಿ ಕೇಳಿದರೆ ಎಲ್ಲ ಪಟಪಟನೆ ಹೇಳುತ್ತಾಳೆ. ಗೊತ್ತಿದ್ದೂ ಬರೆಯುವುದಿಲ್ಲವಲ್ಲ, ಅದೇ ತಮಗೆ ಹೊಟ್ಟೆ ಉರಿಯುವುದು ಎಂದರು.

ಮಷಿನಕ್ಕನಿಗೆ ಬೇಕಾಗಿದ್ದ ಸ್ಕ್ರೂ ಸಿಕ್ಕಿತು.

"ಗೊತ್ತಿದೆ ಅಂತ ನೀವೇ ಹೇಳ್ತಿದೀರಿ ಮಿಸ್. ಗೊತ್ತಿರೋದನ್ನೇ ಇನ್ನೊಂದು ವರ್ಷ ಹೇಳಿಕೊಟ್ರೆ ಏನಾಗುತ್ತೆ? ಈಗ ಗಂಟೆಗೊಂದು ಸಲ ಹೋಗೋ ಗಮನ ಆಗ ಬೆಳಗ್ಗೆ ಹೋದ್ರೆ ಸಂಜೆ ಬರುತ್ತೆ. ನನ್ನ ಮಗಳು ಗುಜರಿ ಅಲ್ಲ, ಪಕ್ಕಕ್ಕೆ ಎತ್ತಿಡೋಕೆ. ನಾನು ಸಹಿ ಹಾಕಲ್ಲ."

ಆಮೇಲೆ ಡಾಕ್ಟರ ಪತ್ರದ ಮೇಲೆ ಬೆರಳಿಟ್ಟು ಒಂದೊಂದಾಗಿ ಕೇಳಿದಳು: ಮುಂದಿನ ಬೆಂಚು, ಒಂದು ಸಲಕ್ಕೆ ಒಂದು ಮಾತು, ಎದ್ದು ಓಡಾಡಲು ಬಿಡುವು, ಪರೀಕ್ಷೆಗೆ ಹೆಚ್ಚಿನ ಸಮಯ. ನಲವತ್ತಾರು ಮಕ್ಕಳಿರುವ ಕ್ಲಾಸಿನಲ್ಲಿ ಒಬ್ಬಳಿಗಾಗಿ ಬೇರೆ ಪಾಠ ಮಾಡಲಾಗದು ಎಂದರು ಮುಖ್ಯೋಪಾಧ್ಯಾಯಿನಿ. ಬೇರೆ ಬೇಡ, ನಲವತ್ತಾರು ಜನಕ್ಕೂ ಒಂದೊಂದೇ ಹೇಳಿ, ಯಾರಿಗೂ ನಷ್ಟವಿಲ್ಲ ಎಂದಳು ಇವಳು. ಟೀಚರಿಗೆ ಅದು ಚುಚ್ಚಿತು. ಪಾಠ ಹೇಗೆ ಮಾಡಬೇಕೆಂದು ರಿಪೇರಿಯವರಿಂದ ಕಲಿಯುವ ಗತಿ ಬಂತಲ್ಲ ಎಂದು ಮೂಗು ಮುರಿದರು.

"ಎಷ್ಟು ಅಂತ ಕಾಯೋದು ನಾನು? ಪು‍ಸ್ತಕ ತೆಗೆಯೋದಕ್ಕೆ ಲೇಟು, ಬರೆಯೋದಕ್ಕೆ ಲೇಟು. ಎಲ್ಲದರಲ್ಲೂ ಲೇಟು ಇವಳು."

ಚಿಟಿಕೆ ಅಷ್ಟು ಹೊತ್ತೂ ಫಾರ್ಮಿನ ಮೇಲೆ ಬಾಗಿದ್ದಳು. ಅಂಚಿನಲ್ಲಿ ಹತ್ತಿ ಹೋದ ಅಮ್ಮನ ಅಕ್ಷರಗಳನ್ನು ಕತ್ತು ವಾಲಿಸಿ ಓದುತ್ತಿದ್ದಳು. ಅವಳ ಗಮನ ಎಲ್ಲೂ ಹೋಗಿರಲಿಲ್ಲ. ಅವಳು ಒಂದು ಬೆರಳನ್ನು ಆ ಸಾಲಿನ ಮೇಲಿಟ್ಟು ತಲೆಯೆತ್ತಿದಳು.

"ಮಿಸ್, ನಾನು ಲೇಟಲ್ಲ. ಹದಿನಾಲ್ಕು ವಾರ ಬೇಗ ಬಂದಿದೀನಿ. ಇಲ್ಲಿ ಬರೆದಿದೆ ನೋಡಿ." ಸ್ವಲ್ಪ ತಡೆದು ಸೇರಿಸಿದಳು, "ನೀವು ಒಂಚೂರು ಕಾದ್ರೆ ಸರಿಹೋಗುತ್ತೆ."

ಟೀಚರು ಫಾರ್ಮನ್ನು ತಮ್ಮ ಕಡೆಗೆ ಎಳೆದುಕೊಂಡು ಮೊದಲ ಸಲ ಪೂರ್ತಿ ಓದಿದರು. ಎಪ್ಪತ್ತೊಂದು ದಿನ ಎಂಬಲ್ಲಿ ಅವರ ಬೆರಳು ನಿಂತಿತು. ಆಮೇಲೆ ಹುಡುಗಿಯ ಮುಖ ನೋಡದೆ, ಕಿಟಕಿಯ ಪಕ್ಕದ ಜಾಗ ಬೇಡ, ತಮ್ಮ ಮೇಜಿನ ಎದುರಿಗೇ ಕೂರಲಿ, ನೋಡೋಣ ಎಂದರು. ಮುಖ್ಯೋಪಾಧ್ಯಾಯಿನಿ ಕನ್ನಡಕ ಒರೆಸಿ ತೀರ್ಮಾನ ಹೇಳಿದರು. ಮುಂದಿನ ಪರೀಕ್ಷೆಗೆ ಆರು ವಾರವಿದೆ. ಪತ್ರದಲ್ಲಿರುವ ಹಾಗೆ ಆರು ವಾರ ಮಾಡಿ ನೋಡುವುದು. ಪರೀಕ್ಷೆಗೆ ಅರ್ಧ ಗಂಟೆ ಹೆಚ್ಚು. ಒಪ್ಪಿಗೆಯ ಕಾಗದ ಸದ್ಯಕ್ಕೆ ನಿಮ್ಮ ಬಳಿಯೇ ಇರಲಿ, ಸಹಿಯ ಮಾತು ಆಮೇಲೆ.

"ಆಮೇಲೂ ಹಾಕಲ್ಲ ಮೇಡಂ. ಈಗಲೇ ಹೇಳಿರ್ತೀನಿ," ಎಂದು ಮಷಿನಕ್ಕ ಕಾಗದ ಎತ್ತಿಕೊಂಡು ಎದ್ದಳು. ಎಣ್ಣೆಯ ಹಾಳೆಯನ್ನೂ ಡಾಕ್ಟರ ಪತ್ರವನ್ನೂ ಅಲ್ಲೇ ಬಿಟ್ಟಳು, ಮಗಳ ಕಡತದಲ್ಲಿ ಇರಲಿ ಎಂದು.

ದಾರಿಯಲ್ಲಿ ಚಿಟಿಕೆ ಕೇಳಿದ ಪ್ರಶ್ನೆಗಳಿಗೆ ಲೆಕ್ಕವಿಲ್ಲ. ಗಾಜಿನ ಪೆಟ್ಟಿಗೆಗೆ ಮುಚ್ಚಳ ಇತ್ತಾ, ಒಳಗೆ ಬಟ್ಟೆ ಹಾಕಿದ್ರಾ, ನಾನು ಅಳ್ತಿದ್ನಾ, ನೀನೂ ಅಳ್ತಿದ್ಯಾ. ಅಮ್ಮ ಎಲ್ಲಕ್ಕೂ ಉತ್ತರ ಕೊಟ್ಟಳು. ಬಾಬಿನ್ನಿನಷ್ಟು ಮುಷ್ಟಿಯ ಮಾತು ಕೇಳಿ ಚಿಟಿಕೆ ತನ್ನ ಮುಷ್ಟಿಯನ್ನು ಮುಚ್ಚಿ ತೆರೆದು ನೋಡಿಕೊಂಡಳು. ನಡುವೆ ಒಂದು ನಾಯಿ ಸಿಕ್ಕಿತು, ಮಾತು ನಾಯಿಯ ಹಿಂದೆ ಹೋಯಿತು. ಅಮ್ಮ ಕಾದಳು. ಮಾತು ತಿರುಗಿ ಬಂತು.

"ಅಂದ್ರೆ ನಾನು ಸೋಮಾರಿ ಅಲ್ಲ."

"ಅಲ್ಲ."

"ನಿಂಗೆ ಮೊದಲೇ ಗೊತ್ತಿತ್ತಾ?"

ಮಷಿನಕ್ಕ ನಡೆಯುವುದನ್ನು ನಿಲ್ಲಿಸಿದಳು. "ಗೊತ್ತಿತ್ತು. ನಿಂಗೆ ಹೇಳಬೇಕಿತ್ತು, ಹೇಳಲಿಲ್ಲ. ಅದು ನನ್ನ ತಪ್ಪು."

ಚಿಟಿಕೆ ದಾರಿಯ ಒಂದು ಕಲ್ಲನ್ನು ಒದೆಯುತ್ತ ನಡೆದಳು. ಅವಳು ಸುಮ್ಮನಿದ್ದಾಗ ಒಳಗಿದ್ದಾಳೋ ಹೊರಗಿದ್ದಾಳೋ ಹೇಳುವುದು ಕಷ್ಟ. ಮನೆಯ ತಿರುವಿನಲ್ಲಿ ಅಮ್ಮನ ಕೈ ಹಿಡಿದು, ಒಂದು ಬೆರಳನ್ನು ಮಾತ್ರ ಆರಿಸಿಕೊಂಡು ಮುಷ್ಟಿಯಲ್ಲಿ ಬಿಗಿದುಕೊಂಡಳು.

ಬಾಗಿಲಲ್ಲಿ ಮೂಲೆ ಅಂಗಡಿಯ ದರ್ಜಿ ಕಾಯುತ್ತಿದ್ದ. ಅವನ ಯಂತ್ರವನ್ನು ಮೇಜಿನ ಮೇಲಿಟ್ಟೊಡನೆ ಮೇಜು ಎಡಕ್ಕೆ ವಾಲಿ ಕಟಕಟ ಎಂದಿತು. ಒಂದು ವಾರದಿಂದ ಅದು ಕುಣಿಯುತ್ತಲೇ ಇತ್ತು. ಇಷ್ಟು ಜನರ ಯಂತ್ರ ಸರಿಮಾಡುವ ಅಕ್ಕನಿಗೆ ತನ್ನ ಮೇಜು ಸರಿಮಾಡಿಕೊಳ್ಳಲು ಪುರುಸೊತ್ತಿಲ್ಲವೇ ಎಂದು ದರ್ಜಿ ನಕ್ಕ.

ಮಷಿನಕ್ಕ ಕೈಯಲ್ಲಿದ್ದ ಒಪ್ಪಿಗೆಯ ಕಾಗದವನ್ನು ಒಮ್ಮೆ ನೋಡಿ ಮಗಳಿಗೆ ಕೊಟ್ಟಳು. "ಇದನ್ನ ಎರಡಾಗಿ ಮಡಿಸು."

ಚಿಟಿಕೆ ಮಡಿಸಿದಳು.

"ಇನ್ನೊಂದು ಸಲ."

ಮಡಿಸಿದಳು. ಅಂಚಿಗೆ ಅಂಚು ಕೂಡಲಿಲ್ಲ. ಬಿಚ್ಚಿ ಮತ್ತೆ ಮಡಿಸಿದಳು. ದರ್ಜಿ ಗಡಿಯಾರ ನೋಡಿಕೊಂಡ. ಮಷಿನಕ್ಕ ಮೇಜಿನ ಮೂಲೆಗೆ ಹೆಗಲು ಕೊಟ್ಟು ಎತ್ತಿದಳು, ಯಂತ್ರದ ಭಾರವೂ ಸೇರಿ ಹೆಗಲು ನೋಯುತ್ತಿತ್ತು. ಚಿಟಿಕೆ ನೆಲಕ್ಕೆ ಕುಕ್ಕರಿಸಿ, ಕಾಲಡಿಯಲ್ಲಿ ಸಾಲಾಗಿ ಹೋಗುತ್ತಿದ್ದ ಮೂರು ಇರುವೆಗಳನ್ನು ಕಂಡು, ಅವು ದಾಟುವ ತನಕ ನೋಡುತ್ತ ಕೂತಳು. ಅಮ್ಮ ಮೇಜು ಹಿಡಿದುಕೊಂಡೇ ಇದ್ದಳು. ಕೊನೆಯ ಇರುವೆ ದಾಟಿತು. ಚಿಟಿಕೆ ಚುಕ್ಕಿಗಳ ಸಾಲಿದ್ದ ಕಡೆಯನ್ನೇ ಒಳಗೆ ಮಾಡಿ ಕಾಗದವನ್ನು ತಳ್ಳಿ, ಹಿಂದೆ ಸರಿದು, ಇಳಿಸಮ್ಮ ಎಂದಳು.

ಅಮ್ಮ ಇಳಿಸಿದಳು. ಎರಡೂ ಕೈ ಊರಿ ಅಲ್ಲಾಡಿಸಿ ನೋಡಿದಳು. ಮೇಜು ಜಗ್ಗಲಿಲ್ಲ.